ಪಿಕಪ್ ಮೇಲಿನ ಮನೆ: ಟ್ರಕ್ ಕ್ಯಾಂಪರ್ ಕೂರಿಸುವ, ಕದಲದಂತೆ ನಿಲ್ಲಿಸುವ ಕ್ರಮ

ಟ್ರಕ್ ಕ್ಯಾಂಪರ್ ಎಂದರೆ ಪಿಕಪ್ ವಾಹನದ ಹಿಂದಿನ ತೊಟ್ಟಿಯಲ್ಲಿ ಕೂರಿಸುವ, ಬೇಕಾದಾಗ ಇಳಿಸಿಡಬಹುದಾದ ಪುಟ್ಟ ಮನೆ. ಅದಕ್ಕೆ ಎಂಜಿನ್ನೂ ಇಲ್ಲ, ಗಾಲಿಯೂ ಇಲ್ಲ. ಒಳಗೆ ಒಲೆ, ಫ್ರಿಜ್, ಊಟದ ಮೇಜು, ನೀರಿನ ಟ್ಯಾಂಕ್, ದೊಡ್ಡದಾದರೆ ಬಚ್ಚಲು ಕೂಡ ಇರುತ್ತವೆ. ಹಾಸಿಗೆಯ ಭಾಗ ಮುಂದಕ್ಕೆ ಚಾಚಿಕೊಂಡು ಚಾಲಕನ ಕ್ಯಾಬಿನ್ನಿನ ಮೇಲೆ ನಿಲ್ಲುತ್ತದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ಇದರ ಬಳಕೆ ಹೆಚ್ಚು. ಹೆಸರಾಂತ ತಯಾರಕರಲ್ಲಿ ಹಲವರು ಪಶ್ಚಿಮದ ಕಡೆಯವರು: ಕ್ಯಾಲಿಫೋರ್ನಿಯದ ಲ್ಯಾನ್ಸ್, ಒರೆಗಾನಿನ ಹೋಸ್ಟ್, ಬ್ರಿಟಿಷ್ ಕೊಲಂಬಿಯಾದ ಬಿಗ್‌ಫುಟ್. ಕ್ಯಾನ್ವಾಸ್ ಗೋಡೆಯಿದ್ದು ನಿಂತಾಗ ಮಾತ್ರ ಚಾವಣಿ ಮೇಲೇಳುವ ಪಾಪ್-ಅಪ್ ಮಾದರಿಗಳಲ್ಲಿ ಕೆಲವು 500 ಕೆ.ಜಿ.ಗಿಂತ ಹಗುರ. ಗಟ್ಟಿ ಗೋಡೆಯ, ಪಕ್ಕಕ್ಕೆ ಹಿಗ್ಗುವ ಕೋಣೆಗಳಿರುವ ದೊಡ್ಡ ಕ್ಯಾಂಪರ್ ಸಾಮಾನು ತುಂಬಿದಾಗ 2,000 ಕೆ.ಜಿ. ದಾಟಬಹುದು.

ಟ್ರೇಲರ್ ಎಳೆಯುವ ವಸ್ತು; ಕ್ಯಾಂಪರ್ ಹೊರುವ ವಸ್ತು. ಟ್ರೇಲರಿಗೆ ತನ್ನದೇ ಆಕ್ಸಲ್, ತನ್ನದೇ ಟೈರು, ಬಹುಮಟ್ಟಿಗೆ ತನ್ನದೇ ಬ್ರೇಕು ಇರುತ್ತವೆ. ಕ್ಯಾಂಪರಿನ ಪ್ರತಿ ಕಿಲೋ ತೂಕವೂ ಪಿಕಪ್ಪಿನ ಟೈರು, ಸ್ಪ್ರಿಂಗು, ಬ್ರೇಕುಗಳ ಮೇಲೇ ಬೀಳುತ್ತದೆ, ಅದೂ ನೆಲದಿಂದ ಸಾಕಷ್ಟು ಎತ್ತರದಲ್ಲಿ. ತಿರುವಿನಲ್ಲಿ ಗಾಡಿ ವಾಲುವುದು, ಗಾಳಿಗೆ ಓಲಾಡುವುದು, ಬ್ರೇಕ್ ಒತ್ತಿದಾಗ ಮುಗ್ಗರಿಸಿದಂತಾಗುವುದು ಇವೆಲ್ಲ ಹುಟ್ಟುವುದು ಇಲ್ಲಿಂದ. ಓಲಾಟ ಕಂಡ ಕೂಡಲೇ ಸ್ಪ್ರಿಂಗಿಗೆ ಆಸರೆಯಾಗುವ ಗಾಳಿಚೀಲ, ದಪ್ಪ ಶಾಕ್ ಅಬ್ಸಾರ್ಬರ್ ಕೊಳ್ಳಲು ಓಡುವುದು ಸಾಮಾನ್ಯ ರೂಢಿ. ಆದರೆ ಸ್ಥಿರತೆಯ ಬಹುಪಾಲು ತೀರ್ಮಾನವಾಗುವುದು ಅದಕ್ಕೂ ಮೊದಲೇ: ಹೊರೆ ಎಷ್ಟು, ಅದು ಕೂತಿರುವುದು ಎಲ್ಲಿ ಎಂಬ ಎರಡು ಪ್ರಶ್ನೆಗಳಲ್ಲಿ.

ತೂಕದ ಲೆಕ್ಕ

ಪಿಕಪ್ಪಿನ ಚಾಲಕನ ಬಾಗಿಲು ತೆರೆದರೆ ಪಕ್ಕದ ಕಂಬದ ಮೇಲೆ ಸ್ಟಿಕ್ಕರುಗಳು ಕಾಣುತ್ತವೆ. ಒಂದರಲ್ಲಿ ಜಿವಿಡಬ್ಲ್ಯುಆರ್ ಎಂಬ ಅಂಕಿ ಇರುತ್ತದೆ. ವಾಹನ, ಇಂಧನ, ಜನ, ಸಾಮಾನು ಎಲ್ಲ ಸೇರಿ ದಾಟಬಾರದ ಒಟ್ಟು ತೂಕ ಅದು. ಜೊತೆಗೇ ಮುಂದಿನ ಆಕ್ಸಲ್ ಎಷ್ಟು ಹೊರಬಹುದು, ಹಿಂದಿನದು ಎಷ್ಟು ಎಂಬ ಪ್ರತ್ಯೇಕ ಮಿತಿಗಳೂ ಇರುತ್ತವೆ. ಒಟ್ಟು ಮಿತಿ 10,000 ಪೌಂಡ್, ಅಂದರೆ ಸುಮಾರು 4,536 ಕೆ.ಜಿ.ವರೆಗಿನ ಗಾಡಿಗಳಲ್ಲಿ ಟೈರಿನ ವಿವರವಿರುವ ಇನ್ನೊಂದು ಸ್ಟಿಕ್ಕರಿದ್ದು, ಜನ ಮತ್ತು ಸರಕು ಸೇರಿ ಎಷ್ಟು ಹೇರಬಹುದೆಂದು ಅದರಲ್ಲಿ ನೇರವಾಗಿ ಬರೆದಿರುತ್ತದೆ. ಈ ಅಂಕಿಯಲ್ಲಿ ಚಾಲಕನ ತೂಕವೂ ಸೇರಿದೆ ಎಂಬುದನ್ನು ಮರೆಯಬಾರದು.

ಆ ಸ್ಟಿಕ್ಕರು ಆ ಒಂದು ಗಾಡಿಗೆ ಮಾತ್ರ ಸೇರಿದ್ದು. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಬರುವ ಹೊರೆಯ ಅಂಕಿ ಆ ಸರಣಿಯಲ್ಲಿ ಅತಿ ಹೆಚ್ಚು ಹೊರಬಲ್ಲ ರೂಪದ್ದು. ಡೀಸೆಲ್ ಎಂಜಿನ್, ನಾಲ್ಕು ಬಾಗಿಲಿನ ಕ್ಯಾಬಿನ್, ನಾಲ್ಕು ಗಾಲಿಯ ಚಾಲನೆ, ಗಾಜಿನ ಚಾವಣಿ ಹೀಗೆ ಸೌಕರ್ಯ ಸೇರುತ್ತಾ ಹೋದಂತೆ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಅರ್ಧ ಟನ್, ಮುಕ್ಕಾಲು ಟನ್, ಒಂದು ಟನ್ ಎಂಬ ಹೆಸರುಗಳೂ ಹಳೆಯ ಕಾಲದಿಂದ ಉಳಿದುಬಂದ ವರ್ಗಗಳಷ್ಟೇ. ಅವನ್ನು ನಂಬಿ ಹೊರೆ ಹೇರುವಂತಿಲ್ಲ.

ಕ್ಯಾಂಪರಿನ ತೂಕದ ವಿಷಯದಲ್ಲಿ ಗೊಂದಲ ಇನ್ನೂ ಹೆಚ್ಚು. ಅಮೆರಿಕದ ಒಕ್ಕೂಟ ನಿಯಮದ ಪ್ರಕಾರ ತಯಾರಕರು ಕ್ಯಾಂಪರಿಗೆ ತೂಕದ ಪಟ್ಟಿ ಅಂಟಿಸಬೇಕು. ಮೂಲ ಸಲಕರಣೆ, ತುಂಬಿದ ನೀರು, ಅಡುಗೆ ಅನಿಲ ಎಲ್ಲವನ್ನೂ ಸೇರಿಸಿದ ತೂಕ ಅದರಲ್ಲಿರಬೇಕು. ಆದರೆ ಮಾರಾಟದ ಪುಸ್ತಿಕೆಯಲ್ಲಿ ಎದ್ದು ಕಾಣುವುದು ಒಣ ತೂಕ. ಅದರಲ್ಲಿ ನೀರಿಲ್ಲ, ಅನಿಲವಿಲ್ಲ, ಎಷ್ಟೋ ಸಲ ಬ್ಯಾಟರಿಯೂ ಇಲ್ಲ. ಎಸಿ, ಬಿಸಿಲು ತಡೆಯುವ ಮಡಚು ಚಪ್ಪರ, ಸೌರಫಲಕಗಳಂಥ ಐಚ್ಛಿಕ ವಸ್ತುಗಳನ್ನು ಬೇರೆಯಾಗಿಯೇ ಕೂಡಿಸಿಕೊಳ್ಳಬೇಕು.

ಒಂದು ಮಾದರಿ ಲೆಕ್ಕ ಹೀಗಿದೆ. ಒಂದು ಟನ್ ವರ್ಗದ ಪಿಕಪ್ಪಿನ ಸ್ಟಿಕ್ಕರು 3,900 ಪೌಂಡ್, ಸುಮಾರು 1,770 ಕೆ.ಜಿ. ಹೊರಬಹುದು ಎನ್ನುತ್ತದೆ ಎಂದುಕೊಳ್ಳಬಹುದು. ಪುಸ್ತಿಕೆಯಲ್ಲಿ ಕ್ಯಾಂಪರಿನ ಒಣ ತೂಕ 1,200 ಕೆ.ಜಿ. ಇನ್ನೂ 570 ಕೆ.ಜಿ. ಉಳಿದಿದೆ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. ಈಗ 30 ಗ್ಯಾಲನ್ ನೀರು ತುಂಬಿದರೆ 114 ಕೆ.ಜಿ. ಎರಡು ಅನಿಲ ಸಿಲಿಂಡರಿಗೆ 34, ಎರಡು ಬ್ಯಾಟರಿಗೆ 50, ಎಸಿ ಮತ್ತು ಚಪ್ಪರದಂಥವಕ್ಕೆ 100. ಬಿಗಿಯುವ ಸಲಕರಣೆ, ರಬ್ಬರ್ ಹಾಸು, ಗಾಳಿಚೀಲಗಳಿಗೆ 60. ನಾಲ್ವರ ಕುಟುಂಬಕ್ಕೆ 260. ಬಟ್ಟೆ, ಪಾತ್ರೆ, ಕುರ್ಚಿ, ದಿನಸಿಗೆ 200. ಅಕ್ಕಿ ಚೀಲ, ಕುಕ್ಕರ್, ಮಿಕ್ಸಿ, ಇಡ್ಲಿ ಪಾತ್ರೆ ಸಮೇತ ಹೊರಡುವ ಕನ್ನಡ ಕುಟುಂಬಕ್ಕೆ ಇದು ಹೆಚ್ಚೇನಲ್ಲ. ಎಲ್ಲ ಕೂಡಿದರೆ 2,018 ಕೆ.ಜಿ. ಮಿತಿಗಿಂತ ಸುಮಾರು 250 ಕೆ.ಜಿ. ಹೆಚ್ಚು. ಹೇರುವುದಕ್ಕೆ ಮೊದಲೇ ಇಷ್ಟು ಗೊತ್ತಾದರೆ ಹಗುರವಾದ ಕ್ಯಾಂಪರ್ ಆರಿಸಲು, ಇಲ್ಲವೇ ಹಿಂದೆ ನಾಲ್ಕು ಟೈರುಗಳ ಡ್ಯೂಯಲಿ ಪಿಕಪ್ ನೋಡಲು ಅವಕಾಶವಿರುತ್ತದೆ. ಕೊಂಡ ಮೇಲೆ ಗೊತ್ತಾದರೆ ದಾರಿಗಳು ಕಡಿಮೆ. ಮೊದಲು ಕ್ಯಾಂಪರನ್ನು ಗೊತ್ತುಮಾಡಿಕೊಂಡು, ಆಮೇಲೆ ಅದನ್ನು ಹೊರಬಲ್ಲ ಟ್ರಕ್ ಹುಡುಕುವುದೇ ಸರಿಯಾದ ಕ್ರಮ.

ಕಾಗದದ ಲೆಕ್ಕವನ್ನು ತೂಕದ ಸೇತುವೆಯ ಮೇಲೆ ತಾಳೆ ನೋಡಬೇಕು. ಅಮೆರಿಕದ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ತೂಕದ ಕಟ್ಟೆಗಳಿವೆ. ಮುಂದಿನ ಗಾಲಿ ಒಂದು ಹಲಗೆಯ ಮೇಲೆ, ಹಿಂದಿನವು ಇನ್ನೊಂದರ ಮೇಲೆ ನಿಲ್ಲುವಂತೆ ನಿಲ್ಲಿಸಿದರೆ ಎರಡೂ ಆಕ್ಸಲ್‌ಗಳ ತೂಕ ಬೇರೆಬೇರೆಯಾಗಿ ಚೀಟಿಯಲ್ಲಿ ಮುದ್ರಣವಾಗಿ ಬರುತ್ತದೆ. ಎರಡು ಸಲ ತೂಗಬೇಕು: ಡೀಸೆಲ್ ತುಂಬಿಸಿದ ಖಾಲಿ ಟ್ರಕ್ಕನ್ನು ಒಮ್ಮೆ, ಪ್ರವಾಸಕ್ಕೆ ಪೂರ್ತಿ ಸಜ್ಜಾದ ಮೇಲೆ ಇನ್ನೊಮ್ಮೆ.

ಭಾರ ಕೂರುವ ಜಾಗ

ಪ್ರತಿ ಕ್ಯಾಂಪರಿಗೂ ಗುರುತ್ವ ಕೇಂದ್ರವೊಂದಿದೆ. ಹಲವು ತಯಾರಕರು ಅದರ ನೇರಕ್ಕೆ ಹೊರಗೋಡೆಯ ಮೇಲೆ ಬಾಣದ ಗುರುತು ಅಂಟಿಸಿರುತ್ತಾರೆ. ಕ್ಯಾಂಪರ್ ತೊಟ್ಟಿಯಲ್ಲಿ ಕೂತಾಗ ಆ ಗುರುತು ಹಿಂದಿನ ಆಕ್ಸಲಿನ ನೇರಕ್ಕೆ, ಅದಕ್ಕಿಂತ ಒಳ್ಳೆಯದೆಂದರೆ ತುಸು ಮುಂದಕ್ಕೆ ಇರಬೇಕು. ಟ್ರಕ್ಕಿನ ಕೈಪಿಡಿಯಲ್ಲೂ ಸ್ಲೈಡ್-ಇನ್, ಅಂದರೆ ತೊಟ್ಟಿಯಲ್ಲಿ ಕೂರಿಸುವ, ಕ್ಯಾಂಪರಿನ ಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ವ್ಯಾಪ್ತಿ ಕೊಟ್ಟಿರುತ್ತದೆ.

ಒಂದಡಿ ಹಿಂದುಮುಂದಾದರೆ ಏನು ಮಹಾ ಎನ್ನುವಂತಿಲ್ಲ. ಗಾಲಿಗಳ ನಡುವಿನ ಅಂತರ 447 ಸೆಂ.ಮೀ. ಇರುವ ಉದ್ದ ತೊಟ್ಟಿಯ ಟ್ರಕ್ಕಿನಲ್ಲಿ 1,500 ಕೆ.ಜಿ. ಕ್ಯಾಂಪರಿನ ಕೇಂದ್ರ ಹಿಂದಿನ ಆಕ್ಸಲಿಗಿಂತ 30 ಸೆಂ.ಮೀ. ಮುಂದಿದ್ದರೆ, ಸುಮಾರು 100 ಕೆ.ಜಿ. ಮುಂದಿನ ಗಾಲಿಗಳಿಗೆ ಹೋಗುತ್ತದೆ, 1,400 ಹಿಂದಿನವಕ್ಕೆ. ಅದೇ ಕೇಂದ್ರ 30 ಸೆಂ.ಮೀ. ಹಿಂದೆ ಬಿದ್ದರೆ ಲೆಕ್ಕ ತಿರುಗುಮುರುಗಾಗುತ್ತದೆ: ಹಿಂದಿನ ಆಕ್ಸಲ್ ಮೇಲೆ 1,600 ಕೆ.ಜಿ. ಬೀಳುತ್ತದೆ, ಮುಂದಿನ ಗಾಲಿಗಳು ಮೊದಲು ಹೊತ್ತಿದ್ದರಲ್ಲೇ 100 ಕೆ.ಜಿ. ಕಳೆದುಕೊಳ್ಳುತ್ತವೆ. ಮುಂಭಾಗ ಹಗುರಾದಾಗ ಸ್ಟೀರಿಂಗ್ ತೇಲಿದಂತಾಗುತ್ತದೆ, ಮುಂದಿನ ಬ್ರೇಕುಗಳ ಹಿಡಿತ ಕುಗ್ಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಎಂಟಡಿ ತೊಟ್ಟಿಗೆ ಮಾಡಿದ ಕ್ಯಾಂಪರನ್ನು ಆರೂವರೆ ಅಡಿಯ ತೊಟ್ಟಿಗೆ ಹಾಕಿದಾಗ ಆಗುವುದು ಬಹುತೇಕ ಇದೇ. ಕೂತಿತಲ್ಲ ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ.

ಗುರುತಿನ ಬಾಣ ಇಲ್ಲದ ಹಳೆಯ ಕ್ಯಾಂಪರಿನಲ್ಲಿ ತೂಕದ ಚೀಟಿಗಳಿಂದಲೇ ಕೇಂದ್ರವನ್ನು ಕಂಡುಹಿಡಿಯಬಹುದು. ಕ್ಯಾಂಪರ್ ಹೇರಿದ ಮೇಲೆ ಮುಂದಿನ ಆಕ್ಸಲ್ ತೂಕ ಎಷ್ಟು ಹೆಚ್ಚಿತೋ ಅದನ್ನು ಒಟ್ಟು ಹೆಚ್ಚಿದ ತೂಕದಿಂದ ಭಾಗಿಸಿ, ಗಾಲಿಗಳ ನಡುವಿನ ಅಂತರದಿಂದ ಗುಣಿಸಬೇಕು. ಬಂದ ಉತ್ತರ, ಕೇಂದ್ರ ಹಿಂದಿನ ಆಕ್ಸಲಿಗಿಂತ ಎಷ್ಟು ಮುಂದಿದೆ ಎಂಬುದು. ಮುಂದಿನ ತೂಕ ಕಡಿಮೆಯಾಗಿದ್ದರೆ ಕೇಂದ್ರ ಅಷ್ಟೇ ದೂರ ಹಿಂದಿದೆ ಎಂದರ್ಥ. ಎರಡೂ ಸಲ ಕ್ಯಾಬಿನ್ನಿನಲ್ಲಿ ಅದೇ ಜನ, ಟ್ಯಾಂಕಿನಲ್ಲಿ ಅಷ್ಟೇ ಇಂಧನ ಇದ್ದರೆ ಮಾತ್ರ ಈ ಲೆಕ್ಕ ಸರಿಬರುತ್ತದೆ.

ಒಳಗಿನ ಸಾಮಾನಿಗೂ ಇದೇ ನ್ಯಾಯ. ಭಾರವಾದದ್ದು ಕೆಳಗೆ, ಆದಷ್ಟು ಮುಂದಕ್ಕೆ. ಹಾಸಿಗೆಯ ಮೇಲಿನ ಕಪಾಟು ಬಟ್ಟೆಗೆ, ಹೊದಿಕೆಗೆ. ಎಣ್ಣೆ ಡಬ್ಬಿ, ಸಲಕರಣೆ ಪೆಟ್ಟಿಗೆ ನೆಲಮಟ್ಟದಲ್ಲಿ. ಹಿಗ್ಗುವ ಕೋಣೆ ಇರುವ ಪಕ್ಕ ಸಾಮಾನ್ಯವಾಗಿ ಭಾರ ಹೆಚ್ಚಿರುವುದರಿಂದ ಉಳಿದ ಸಾಮಾನನ್ನು ಎದುರು ಪಕ್ಕಕ್ಕೆ ಹಾಕುವುದು ಒಳ್ಳೆಯದು. ಟ್ರಕ್ ಒಂದೇ ಪಕ್ಕಕ್ಕೆ ವಾಲಿ ನಿಂತಾಗ ಆ ಕಡೆಯ ಗಾಳಿಚೀಲ ಉಬ್ಬಿಸಿ ಮಟ್ಟ ಮಾಡುವವರಿದ್ದಾರೆ. ನೋಟಕ್ಕೆ ನೆಟ್ಟಗಾಗುತ್ತದೆ, ಆದರೆ ಆ ಪಕ್ಕದ ಟೈರಿನ ಹೊರೆ ಕಡಿಮೆಯಾಗುವುದಿಲ್ಲ.

ಟೈರು ಮತ್ತು ತೊಟ್ಟಿ

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳಲ್ಲಿ ಹೊರೆಯ ಸೂಚ್ಯಂಕವೂ ಒಂದು. 121 ಎಂದಿದ್ದರೆ ಒಂದು ಟೈರು ಗರಿಷ್ಠ 1,450 ಕೆ.ಜಿ. ಹೊರುತ್ತದೆ, ಜೋಡಿ 2,900. ತೂಕದ ಚೀಟಿಯ ಹಿಂದಿನ ಆಕ್ಸಲ್ ಅಂಕಿ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು. ರಿಮ್ಮಿಗೂ ಪ್ರತ್ಯೇಕ ಮಿತಿ ಇದೆ. ಚಂದಕ್ಕೆಂದು ಹಾಕಿಸಿದ ಅಲಾಯ್ ಚಕ್ರಗಳಲ್ಲಿ ಅದನ್ನು ನೋಡಿಕೊಳ್ಳುವುದು ಮುಖ್ಯ. ಕ್ಯಾಂಪರ್ ಹೊರಲು ಬೇಕಾದದ್ದು ಎಲ್‌ಟಿ ಎಂಬ ಗುರುತಿರುವ, ಗಟ್ಟಿ ಪಕ್ಕಗಳ ಟೈರು, ದೊಡ್ಡ ಕ್ಯಾಂಪರಿಗೆ ಸಾಮಾನ್ಯವಾಗಿ ಇ ಶ್ರೇಣಿಯದ್ದು. ಕಾರಿನ ಬಗೆಯ ಟೈರಿನ ಪಕ್ಕಗಳು ಮೆತ್ತಗಿದ್ದು ಭಾರಕ್ಕೆ ಹೊರಳುತ್ತವೆ. ಅದೇ ಓಲಾಟದ ಒಂದು ಮೂಲ. ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಬೇಕು, ಟೈರು ತಯಾರಕರ ಹೊರೆ ಪಟ್ಟಿಗೆ ತಕ್ಕಂತೆ ತುಂಬಬೇಕು. ಡಾಟ್ ಗುರುತಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 2321 ಎಂದರೆ 2021ರ 23ನೇ ವಾರ. ಹೆಚ್ಚು ಓಡದ ಕ್ಯಾಂಪರ್ ಟ್ರಕ್ಕುಗಳಲ್ಲಿ ಟೈರಿನ ಹಲ್ಲು ಹೊಸದರಂತೆಯೇ ಇದ್ದು ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಹೊರೆ ಹೊತ್ತ ಟೈರು ಸಿಡಿದರೆ ಗಾಡಿ ಹಿಡಿತಕ್ಕೆ ಸಿಗುವುದು ಕಷ್ಟ.

ತೊಟ್ಟಿಯ ಸಿದ್ಧತೆ ಸುಲಭದ್ದು. ಹಿಂಬಾಗಿಲು ಬಿಚ್ಚಿಡಬೇಕು. ನುಣುಪಾದ ಪ್ಲಾಸ್ಟಿಕ್ ಒಳಹಾಸು ಇದ್ದರೆ ತೆಗೆದುಹಾಕಬೇಕು, ಅದರ ಮೇಲೆ ಕ್ಯಾಂಪರ್ ಜಾರುತ್ತದೆ. ಒತ್ತಾದ ರಬ್ಬರ್ ಹಾಸು ಹಾಕಿದರೆ ತಳ ಜಾರದೆ ನಿಲ್ಲುತ್ತದೆ. ಬಿಗಿಯುವ ಸಲಕರಣೆಗಳ ಮೇಲಿನ ಒತ್ತಡವೂ ಇಂಥ ಸರಳ ವಸ್ತುವಿನಿಂದ ಇಳಿಯುತ್ತದೆ. ಕ್ಯಾಬಿನ್ ಚಾವಣಿಗೂ ಮೇಲೆ ಚಾಚಿದ ಹಾಸಿಗೆ ಭಾಗಕ್ಕೂ ನಡುವೆ ಕೈಬೆರಳು ನಾಲ್ಕು ಧಾರಾಳವಾಗಿ ತೂರುವಷ್ಟು ಸಂದು ಬೇಕು, ಏಕೆಂದರೆ ಒರಟು ರಸ್ತೆಯಲ್ಲಿ ಚಾಸಿ ಬಾಗುತ್ತದೆ, ಕ್ಯಾಬಿನ್ನೂ ಕ್ಯಾಂಪರೂ ಒಂದೇ ತಾಳದಲ್ಲಿ ಕುಲುಕುವುದಿಲ್ಲ. ಸಂದು ಸಾಲದಿದ್ದರೆ ತೊಟ್ಟಿಯ ತಳಕ್ಕೆ ಪ್ಲೈವುಡ್ ಅಥವಾ ಗಟ್ಟಿ ಫೋಮ್ ಹಲಗೆ ಹಾಸಿ ಎತ್ತರಿಸುತ್ತಾರೆ. ಎತ್ತರಿಸಿದಷ್ಟೂ ಗುರುತ್ವ ಕೇಂದ್ರವೂ ಏರುವುದರಿಂದ ಬೇಕಾದ್ದಕ್ಕಿಂತ ಒಂದಿಂಚೂ ಹೆಚ್ಚು ಹಾಕಬಾರದು.

ಹತ್ತಿಸುವುದು

ಕ್ಯಾಂಪರಿನ ನಾಲ್ಕು ಮೂಲೆಗಳಲ್ಲಿ ಜಾಕ್‌ಗಳಿರುತ್ತವೆ. ಕೆಲವು ಕೈಯಿಂದ ತಿರುವುವಂಥವು, ಕೆಲವು ವಿದ್ಯುತ್ತಿನವು. ಕ್ಯಾಂಪರ್ ಈ ಕಾಲುಗಳ ಮೇಲೆ ಎತ್ತರಕ್ಕೆ ನಿಂತ ಹೊತ್ತೇ ಇಡೀ ಕೆಲಸದಲ್ಲಿ ಹೆಚ್ಚು ಅಪಾಯದ್ದು. ನೆಲ ಮಟ್ಟವಾಗಿ, ಗಟ್ಟಿಯಾಗಿರಬೇಕು. ಮಣ್ಣು ಅಥವಾ ಬಿಸಿಲಿಗೆ ಮೆತ್ತಗಾದ ಡಾಂಬರಿನ ಮೇಲೆ ಪ್ರತಿ ಕಾಲಿನ ಕೆಳಗೂ ದಪ್ಪ ಹಲಗೆ ಇಡಬೇಕು. ಗಾಳಿ ಜೋರಾಗಿದ್ದರೆ ಮುಂದೂಡುವುದೇ ಸರಿ. ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು, ಕ್ಯಾಂಪರಿನ ಒಳಗೂ ಯಾರೂ ಇರಬಾರದು.

ನಾಲ್ಕೂ ಮೂಲೆಗಳನ್ನು ಸ್ವಲ್ಪಸ್ವಲ್ಪವಾಗಿ, ಸಮನಾಗಿ ಏರಿಸಬೇಕು. ಒಂದು ಮೂಲೆ ಬಹಳ ಮುಂದೆ ಹೋದರೆ ಅದರ ಅಕ್ಕಪಕ್ಕದ ಮೂಲೆಗಳ ಕಾಲುಗಳ ಭಾರ ತಪ್ಪಿ ಇಡೀ ಪೆಟ್ಟಿಗೆ ತಿರುಚಿಕೊಳ್ಳುತ್ತದೆ. ಮುಂಭಾಗ ಹಿಂಭಾಗಕ್ಕಿಂತ ಕೊಂಚ ಎತ್ತರವಿರುವುದು ರೂಢಿ. ಚಾಚಿಕೊಂಡ ಹಾಸಿಗೆಯ ಭಾರಕ್ಕೆ ಕ್ಯಾಂಪರ್ ಮುಂದಕ್ಕೆ ಮುಗ್ಗರಿಸದಿರಲೆಂದು. ತಳ ತೊಟ್ಟಿಯ ನೆಲಕ್ಕಿಂತ ನಾಲ್ಕೈದು ಸೆಂ.ಮೀ. ಮೇಲಾದರೆ ಸಾಕು. ಡ್ಯೂಯಲಿ ಟ್ರಕ್ಕಿನ ಹಿಂಭಾಗ ಅಗಲವಾದ್ದರಿಂದ ಮುಂದಿನ ಎರಡು ಜಾಕ್‌ಗಳನ್ನು ಹೊರಕ್ಕೆ ತಿರುಗಿಸುವ ಬ್ರಾಕೆಟ್ ಬೇಕಾಗುತ್ತದೆ.

ಟ್ರಕ್ಕನ್ನು ಹಿಂದಕ್ಕೆ ತರುವಾಗ ದೂರದಿಂದಲೇ ನೇರ ಮಾಡಿಕೊಂಡು ಬಂದರೆ ಕೊನೆಯಲ್ಲಿ ಸ್ಟೀರಿಂಗ್ ತಿರುವುವ ಪ್ರಮೇಯ ಬರುವುದಿಲ್ಲ. ನೆಲದ ಮೇಲೆ ಸುಣ್ಣದಲ್ಲೋ ಟೇಪಿನಲ್ಲೋ ಒಂದು ನೇರ ಗೆರೆ ಎಳೆದುಕೊಂಡರೆ ಕೆಲಸ ಸಲೀಸು. ಸಹಾಯಕ್ಕೆ ನಿಂತವರು ಕನ್ನಡಿಯಲ್ಲಿ ಕಾಣುವಂತೆ ಪಕ್ಕದಲ್ಲಿರಬೇಕು, ಟ್ರಕ್ಕಿಗೂ ಕ್ಯಾಂಪರಿಗೂ ನಡುವೆ ಎಂದಿಗೂ ಅಲ್ಲ. ಕೈ ಎತ್ತಿದರೆ ನಿಲ್ಲಬೇಕು ಎಂಬಂಥ ಒಂದೇ ಸನ್ನೆಯನ್ನು ಮೊದಲೇ ಗೊತ್ತುಮಾಡಿಕೊಂಡು, ರೇಡಿಯೊ ಆರಿಸಿ, ಎರಡೂ ಕಿಟಕಿ ಇಳಿಸಿ, ಬ್ರೇಕ್ ಮೇಲೆ ಕಾಲಿಟ್ಟೇ ಬರಬೇಕು. ತೊಟ್ಟಿಯೊಳಗಿನ ಚಕ್ರದ ಉಬ್ಬುಗಳ ಪಕ್ಕ ಉಳಿಯುವ ಸಂದು ಕೆಲವೇ ಸೆಂ.ಮೀ. ಅಲ್ಲಿಗೆ ತಲುಪಿದಾಗ ಗಾಡಿ ನಿಲ್ಲಿಸಿ, ಇಳಿದು ನೋಡುವುದು ಒಳ್ಳೆಯದು. ಕ್ಯಾಂಪರಿನ ಮುಂಗೋಡೆ ತೊಟ್ಟಿಯ ಮುಂಗೋಡೆಗೆ ತಾಗುವ ತನಕ, ಅಥವಾ ನಡುವೆ ಇಟ್ಟ ಮರದ ದಿಮ್ಮಿಗೆ ತಾಗುವ ತನಕ ಹೋಗಿ, ಆಮೇಲೆ ಜಾಕ್‌ಗಳನ್ನು ಸಮನಾಗಿ ಇಳಿಸಬೇಕು. ಈ ದಿಮ್ಮಿ ಮುಖ್ಯ. ಮುಂದೆ ಖಾಲಿ ಜಾಗ ಉಳಿದರೆ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಕ್ಯಾಂಪರ್ ಆ ಜಾಗಕ್ಕೆ ನುಗ್ಗುತ್ತದೆ.

ಕೂತ ಮೇಲೆ ಏಳು ಪಿನ್ನಿನ ಕೇಬಲ್ ಜೋಡಿಸಿ ಬ್ರೇಕ್ ದೀಪ, ತಿರುವಿನ ದೀಪಗಳನ್ನು ಪರೀಕ್ಷಿಸಬೇಕು. ಇದೇ ಕೇಬಲಿನಲ್ಲಿ ಕ್ಯಾಂಪರ್ ಬ್ಯಾಟರಿಗೆ ಚಾರ್ಜ್ ಕೂಡ ಹೋಗುತ್ತದೆ. ಆದರೆ ತಂತಿ ತೆಳ್ಳಗಿದ್ದು ದಾರಿ ಉದ್ದವಾದ್ದರಿಂದ ವೋಲ್ಟೇಜ್ ಕುಸಿಯುತ್ತದೆ, ದಿನವಿಡೀ ಓಡಿಸಿದರೂ ಬ್ಯಾಟರಿ ತುಂಬುವುದಿಲ್ಲ. ದಪ್ಪ ತಂತಿಯ ಪ್ರತ್ಯೇಕ ಸಂಪರ್ಕ ಮತ್ತು ಡಿಸಿ-ಡಿಸಿ ಚಾರ್ಜರ್ ಇದಕ್ಕೆ ಪರಿಹಾರ.

ಬಿಗಿಯುವುದು

ಕ್ಯಾಂಪರನ್ನು ನಾಲ್ಕು ಕಡೆ ಟರ್ನ್‌ಬಕಲ್, ಅಂದರೆ ತಿರುಗಿಸಿ ಬಿಗಿಮಾಡುವ ಸರಳುಗಳಿಂದ ಟ್ರಕ್ಕಿಗೆ ಕಟ್ಟುತ್ತಾರೆ. ಅವುಗಳ ಕೆಳತುದಿ ಎಲ್ಲಿಗೆ ಸೇರುತ್ತದೆ ಎಂಬುದರ ಮೇಲೆ ಬಂದೋಬಸ್ತು ನಿಂತಿದೆ. ತೊಟ್ಟಿಯ ತಗಡಿಗೆ ಬೋಲ್ಟ್ ಮಾಡಿದ ಕೊಕ್ಕೆಗಳು ಅಗ್ಗ, ಹಗುರ ಕ್ಯಾಂಪರಿಗೆ ನಡೆದೀತು. ಭಾರವಾದದ್ದಕ್ಕೆ ಚಾಸಿಯಿಂದಲೇ ಹೊರಬರುವ ತೋಳುಗಳು ಬೇಕು. ವಾಷಿಂಗ್ಟನ್ ರಾಜ್ಯದ ಟಾರ್ಕ್‌ಲಿಫ್ಟ್ ಕಂಪನಿಯವು ಇವುಗಳಲ್ಲಿ ಪ್ರಸಿದ್ಧ. ಫೋರ್ಡ್ ತನ್ನ ಎಫ್-150ಕ್ಕೆ 2015ರ ಮಾದರಿಯಿಂದ, ಸೂಪರ್ ಡ್ಯೂಟಿ ಟ್ರಕ್ಕುಗಳಿಗೆ 2017ರ ಮಾದರಿಯಿಂದ ಅಲ್ಯುಮಿನಿಯಂ ಬಾಡಿ ಹಾಕಿದ ಮೇಲಂತೂ ತಗಡಿಗಿಂತ ಚಾಸಿಯನ್ನು ನಂಬುವುದೇ ವಾಸಿ. ಕೆಲವು ಪಾಪ್-ಅಪ್ ಕ್ಯಾಂಪರುಗಳಲ್ಲಿ ಬಿಗಿಯುವ ಸರಳುಗಳು ತೊಟ್ಟಿಯ ಒಳಗೇ ಇದ್ದು, ಸಣ್ಣ ಕಿಂಡಿಗಳ ಮೂಲಕ ಕೈಹಾಕಿ ತಿರುವಬೇಕಾಗುತ್ತದೆ. ಲಾರಿ ಸರಕಿಗೆ ಕಟ್ಟುವ ಬಟ್ಟೆಯ ಪಟ್ಟಿ ಇಲ್ಲಿ ಬೇಡ, ಅದು ಹಿಗ್ಗುತ್ತದೆ.

ಮುಂದಿನ ಸರಳುಗಳು ಕೆಳಕ್ಕೂ ಮುಂದಕ್ಕೂ ಎಳೆಯುವಂತಿರಬೇಕು, ಹಿಂದಿನವು ಕೆಳಕ್ಕೂ ಹಿಂದಕ್ಕೂ. ಮೊದಲು ಮುಂದಿನ ಜೋಡಿಯನ್ನು ಬಿಗಿದರೆ ಕ್ಯಾಂಪರ್ ಮುಂಗೋಡೆಗೆ ಒತ್ತಿ ನಿಲ್ಲುತ್ತದೆ, ಆಮೇಲೆ ಹಿಂದಿನದು. ಎಡ ಬಲ ಒಂದೇ ಸಮ ಬಿಗಿ ಇರಬೇಕು. ಸ್ಪ್ರಿಂಗ್ ಇರುವ ಸರಳುಗಳು ಉತ್ತಮ, ಏಕೆಂದರೆ ಟ್ರಕ್ ಬಾಗಿದಾಗ ಅವು ತುಸು ಕೊಟ್ಟು ಮತ್ತೆ ಎಳೆದುಕೊಳ್ಳುತ್ತವೆ. ಎಷ್ಟು ಬಿಗಿಯಬೇಕೆಂದು ತಯಾರಕರು ಸ್ಪ್ರಿಂಗಿನ ಮೇಲೇ ಗುರುತು ಕೊಟ್ಟಿರುವುದುಂಟು, ಅದನ್ನು ಮೀರಬಾರದು. ಹೆಚ್ಚು ಬಿಗಿದಷ್ಟೂ ಭದ್ರ ಎನ್ನುವುದು ತಪ್ಪು ತಿಳಿವಳಿಕೆ. ಮರದ ಚೌಕಟ್ಟಿನ ಕ್ಯಾಂಪರುಗಳಲ್ಲಿ ಅತಿಯಾಗಿ ಎಳೆದರೆ ಕೊಕ್ಕೆ ಕೂತಿರುವ ಮರವೇ ಕಿತ್ತುಬರುತ್ತದೆ. ನೀರು ಸೋರಿ ಆ ಮೂಲೆ ಕೊಳೆತಿದ್ದರೆ ಇನ್ನೂ ಬೇಗ. ಹಳೆಯ ಕ್ಯಾಂಪರ್ ಕೊಳ್ಳುವವರು ಮೊದಲು ಒತ್ತಿ ನೋಡಬೇಕಾದ್ದು ಈ ನಾಲ್ಕು ಮೂಲೆಗಳನ್ನೇ.

ಹೊರಟ ಹದಿನೈದು ಇಪ್ಪತ್ತು ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ ಬಿಗಿ ನೋಡಬೇಕು. ಕ್ಯಾಂಪರ್ ಆ ಹೊತ್ತಿಗೆ ತನ್ನ ಜಾಗಕ್ಕೆ ಕೂತಿರುತ್ತದೆ, ಸರಳು ಸಡಿಲವಾಗಿರುತ್ತದೆ. ಆಮೇಲೆ ಇಂಧನಕ್ಕೆ ನಿಂತಾಗಲೆಲ್ಲ. ಮಣ್ಣು ರಸ್ತೆಯಾದರೆ ಇನ್ನೂ ಹೆಚ್ಚು ಸಲ.

ಓಲಾಟಕ್ಕೆ ಮದ್ದು

ಇಷ್ಟೆಲ್ಲ ಸರಿಯಿದ್ದೂ ಗಾಡಿ ಕದಲುತ್ತಿದ್ದರೆ, ಯಾವ ಬಗೆಯ ಕದಲಿಕೆ ಎಂದು ಮೊದಲು ಗುರುತಿಸಬೇಕು. ಹಿಂಭಾಗ ಬರೀ ಕುಸಿದು ನಿಂತಿದ್ದರೆ ಅದು ಸ್ಪ್ರಿಂಗಿನ ದೌರ್ಬಲ್ಯ. ಗಾಳಿಚೀಲ ಅಥವಾ ಹೆಚ್ಚುವರಿ ಪಟ್ಟಿ ಹಾಕಿಸಿ ಮಟ್ಟಕ್ಕೆ ತರಬಹುದು. ಗಾಳಿಚೀಲಗಳಿಗೆ ಎಡ ಬಲ ಬೇರೆಬೇರೆ ಗಾಳಿ ಕೊಳವೆ ಇರಲೇಬೇಕು. ಎರಡಕ್ಕೂ ಒಂದೇ ಕೊಳವೆಯಾದರೆ ತಿರುವಿನಲ್ಲಿ ಒಂದು ಪಕ್ಕದ ಗಾಳಿ ಇನ್ನೊಂದಕ್ಕೆ ಹರಿದು ವಾಲುವಿಕೆ ಹೆಚ್ಚುತ್ತದೆ.

ತಿರುವಿನಲ್ಲಿ, ಪೆಟ್ರೋಲ್ ಬಂಕಿನ ಓರೆ ದಾರಿಯಲ್ಲಿ ಪಕ್ಕದಿಂದ ಪಕ್ಕಕ್ಕೆ ತೂಗುವುದು ಬೇರೆ ವಿಷಯ. ಭಾರದ ಪಿಕಪ್ಪುಗಳ ಲೀಫ್ ಸ್ಪ್ರಿಂಗುಗಳಲ್ಲಿ ಮುಖ್ಯ ಪಟ್ಟಿಗಳ ಜೊತೆ, ಹೊರೆ ಹೆಚ್ಚಿದಾಗ ಮಾತ್ರ ಕೆಲಸಕ್ಕೆ ಬರುವ ದಪ್ಪ ಪಟ್ಟಿಯೊಂದಿರುತ್ತದೆ. ಅದಕ್ಕೂ ಅದರ ತಡೆಗಟ್ಟೆಗೂ ನಡುವೆ ಸಂದು ಉಳಿದಿದ್ದರೆ, ಆ ಸಂದು ಮುಚ್ಚುವ ತನಕ ಟ್ರಕ್ ಸರಾಗವಾಗಿ ವಾಲುತ್ತದೆ, ಮುಚ್ಚಿದಾಗ ತಟ್ಟನೆ ನಿಲ್ಲುತ್ತದೆ. ಆ ಸಂದಿನಲ್ಲಿ ಗಟ್ಟಿ ಬಿಲ್ಲೆ ಕೂರಿಸಿ ಪಟ್ಟಿ ಮೊದಲಿಂದಲೇ ಭಾರ ಹೊರುವಂತೆ ಮಾಡುವುದು ಖರ್ಚು ಕಡಿಮೆಯ, ಫಲ ಹೆಚ್ಚಿನ ಉಪಾಯ. ಹಿಂದಿನ ಆಕ್ಸಲಿಗೆ ಅಡ್ಡಲಾಗಿ ಹಾಕುವ ದಪ್ಪ ಸ್ವೇ ಬಾರ್ ಮುಂದಿನ ಹೆಜ್ಜೆ. ಒಂದು ಗಾಲಿ ಕುಸಿದರೆ ಅದು ತಿರುಚಿಕೊಂಡು ಇನ್ನೊಂದನ್ನೂ ಎಳೆಯುತ್ತದೆ. ಇನ್ನು ಉಬ್ಬು ದಾಟಿದ ಮೇಲೂ ಗಾಡಿ ಹಿಂದುಮುಂದಾಗಿ ಎರಡು ಮೂರು ಸಲ ಕುಣಿಯುತ್ತಿದ್ದರೆ ಶಾಕ್ ಅಬ್ಸಾರ್ಬರ್‌ಗಳು ಸೋತಿವೆ ಎಂದು ತಿಳಿಯಬೇಕು. ಕಾರ್ಖಾನೆಯಿಂದ ಬರುವ ಶಾಕ್‌ಗಳನ್ನು ಖಾಲಿ ಟ್ರಕ್ಕಿನ ಸುಖ ಸವಾರಿಯನ್ನೂ ನೋಡಿಕೊಂಡೇ ಹೊಂದಿಸಿರುತ್ತಾರೆ. ಬಿಗಿ ಬದಲಾಯಿಸಬಲ್ಲ ಶಾಕ್‌ಗಳು ಕ್ಯಾಂಪರ್ ಆಗಾಗ ಇಳಿಸುವವರಿಗೆ ಅನುಕೂಲ.

ಒಂದೊಂದನ್ನೇ ಬದಲಾಯಿಸಿ, ಅದೇ ರಸ್ತೆಯಲ್ಲಿ ಓಡಿಸಿ ನೋಡುವುದು ಜಾಣತನ. ಎಲ್ಲವನ್ನೂ ಒಟ್ಟಿಗೆ ಹಾಕಿಸಿದರೆ ಯಾವುದು ಉಪಯೋಗಕ್ಕೆ ಬಂತು ಎಂಬುದು ತಿಳಿಯುವುದೇ ಇಲ್ಲ. ಇವು ಯಾವುದೂ ಬಾಗಿಲ ಸ್ಟಿಕ್ಕರಿನ ಮಿತಿಯನ್ನು ಏರಿಸುವುದಿಲ್ಲ, ಏಕೆಂದರೆ ಆ ಮಿತಿ ಆಕ್ಸಲ್, ಬ್ರೇಕ್, ಚಾಸಿ ಎಲ್ಲವನ್ನೂ ಸೇರಿಸಿ ಗೊತ್ತುಮಾಡಿದ್ದು. ಭಾರತದಲ್ಲಿ ಇಂಥ ಮಾರ್ಪಾಡು ಮಾಡಿಸಹೊರಟವರಿಗೆ ಇನ್ನೊಂದು ತಡೆಯಿದೆ. ನೋಂದಣಿ ಪತ್ರದ ವಿವರ ತಯಾರಕರ ಮೂಲ ವಿವರಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಮೊದಲ ಭೇಟಿ ಗ್ಯಾರೇಜಿಗಲ್ಲ, ಆರ್‌ಟಿಒ ಕಚೇರಿಗೆ ಆಗಬೇಕು.

ರಸ್ತೆಯಲ್ಲಿ

ಹೇರಿದ ಮೇಲೆ ನೆಲದಿಂದ ಅತಿ ಎತ್ತರದ ಬಿಂದುವಿನವರೆಗೆ, ಸಾಮಾನ್ಯವಾಗಿ ಚಾವಣಿಯ ಎಸಿಯವರೆಗೆ, ಅಳೆದು ಆ ಅಂಕಿಯನ್ನು ಚಾಲಕನ ಕಣ್ಣೆದುರು ಅಂಟಿಸಿಡಬೇಕು. ಗಟ್ಟಿ ಗೋಡೆಯ ಕ್ಯಾಂಪರುಗಳು ಮೂರೂವರೆ ಮೀಟರ್ ದಾಟುವುದು ಸಾಮಾನ್ಯ. ಉತ್ತರ ಕೆರೊಲಿನಾದ ಡರ್ಹಾಮ್ ನಗರದಲ್ಲಿ ರೈಲು ಸೇತುವೆಯೊಂದು ಎಷ್ಟೋ ಬಾಡಿಗೆ ಲಾರಿಗಳ, ಕ್ಯಾಂಪರುಗಳ ಚಾವಣಿ ಸುಲಿದು ಹೆಸರಾಯಿತು. 2019ರಲ್ಲಿ ಅದನ್ನು ಎತ್ತರಿಸಿದ ಮೇಲೂ ಕೆಳಗಿನ ಅವಕಾಶ ಸುಮಾರು 3.76 ಮೀಟರ್ ಮಾತ್ರ. ಹೆದ್ದಾರಿಗಿಂತ ಪೆಟ್ರೋಲ್ ಬಂಕಿನ ಚಪ್ಪರ, ಹೋಟೆಲಿನ ಪೋರ್ಟಿಕೊ, ಶಿಬಿರತಾಣದ ಮರದ ಕೊಂಬೆಗಳೇ ಹೆಚ್ಚು ಹಾನಿ ಮಾಡುವುದು. ಯೂಟಾದ ಜೈಯಾನ್ ರಾಷ್ಟ್ರೀಯ ಉದ್ಯಾನದಲ್ಲಿ 1930ರಲ್ಲಿ ತೆರೆದ ಸುರಂಗದಂಥ ಹಳೆಯ ದಾರಿಗಳಲ್ಲಿ ದೊಡ್ಡ ವಾಹನಗಳಿಗೆ ನಿರ್ಬಂಧವಿದೆ. ಬಾಲ್ಟಿಮೋರ್ ಬಂದರಿನ ಸುರಂಗಗಳಲ್ಲಿ 10 ಪೌಂಡ್ ಮೀರಿದ ಅನಿಲ ಸಿಲಿಂಡರ್ ಒಯ್ಯುವಂತಿಲ್ಲ, ಕ್ಯಾಂಪರಿನ ಸಾಮಾನ್ಯ ಸಿಲಿಂಡರ್ 20 ಪೌಂಡಿನದು. ಓಡುವಾಗ ಎಲ್ಲೇ ಆದರೂ ಸಿಲಿಂಡರಿನ ಕವಾಟ ಮುಚ್ಚಿಡುವುದು ಕ್ಷೇಮ.

ವ್ಯೋಮಿಂಗ್ ರಾಜ್ಯದ ಐ-80 ಹೆದ್ದಾರಿಯಲ್ಲಿ, ಲ್ಯಾರಮಿ ಮತ್ತು ರಾಲಿನ್ಸ್ ನಡುವೆ, ಗಾಳಿ ಎದ್ದಾಗ ಹಗುರವಾದ ಎತ್ತರದ ವಾಹನಗಳಿಗೆ ರಸ್ತೆಯನ್ನೇ ಮುಚ್ಚುತ್ತಾರೆ. ಇಂಥ ಕಡೆ ಗಾಳಿ ಇಳಿಯುವ ತನಕ ಊರೊಂದರಲ್ಲಿ ಉಳಿಯುವುದು ಸೋಲಲ್ಲ. ಉಳಿದಂತೆ, ತಿರುವಿನ ಹಳದಿ ಫಲಕದ ವೇಗವನ್ನು ಮೀರದಿರುವುದು, ಇಳಿಜಾರಿನಲ್ಲಿ ಕೆಳ ಗೇರಿಗೆ ಮೊದಲೇ ಹಾಕುವುದು, ಮುಂದಿನ ಗಾಡಿಯಿಂದ ಮಾಮೂಲಿಗಿಂತ ದುಪ್ಪಟ್ಟು ದೂರವಿರುವುದು ಸಾಕು. ಕ್ಯಾಂಪರಿನೊಳಗೆ ಜನ ಕೂತು ಪ್ರಯಾಣಿಸಬಹುದೇ ಎಂಬುದಕ್ಕೆ ರಾಜ್ಯಕ್ಕೊಂದು ಕಾನೂನಿದೆ. ಕಾನೂನು ಏನೇ ಇರಲಿ, ಎಲ್ಲರೂ ಕ್ಯಾಬಿನ್ನಿನಲ್ಲಿ ಬೆಲ್ಟ್ ಹಾಕಿಕೊಂಡು ಕೂರುವುದೇ ಸರಿ.

ನಿಲ್ಲಿಸಿದಾಗ, ಇಳಿಸುವಾಗ

ಶಿಬಿರತಾಣದಲ್ಲಿ ಮೊದಲ ಕೆಲಸ ಮಟ್ಟ. ರಸಮಟ್ಟವನ್ನು ಕ್ಯಾಂಪರಿನ ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ, ತಗ್ಗಿದ ಕಡೆಯ ಟೈರಿನ ಕೆಳಗೆ ಹಲಗೆ ಇಟ್ಟು ಹತ್ತಿಸಬೇಕು. ನಿದ್ದೆಯ ಸುಖಕ್ಕಷ್ಟೇ ಅಲ್ಲ, ಅನಿಲದಿಂದ ಓಡುವ ಫ್ರಿಜ್ಜಿಗೂ ಇದು ಬೇಕು. ಅದರಲ್ಲಿ ಪಂಪ್ ಇಲ್ಲ. ಅಮೋನಿಯಾ ದ್ರಾವಣ ಕೊಳವೆಗಳಲ್ಲಿ ತನ್ನ ಭಾರದಿಂದಲೇ ಇಳಿದು ಹರಿಯಬೇಕು. ಫ್ರಿಜ್ಜಿನ ಎದುರು ನಿಂತು ನೋಡಿದಾಗ ಎಡಬಲಕ್ಕೆ ಸುಮಾರು 3 ಡಿಗ್ರಿ, ಹಿಂದುಮುಂದಕ್ಕೆ 6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಹಳ ಹೊತ್ತು ನಿಂತರೆ ತಂಪು ಹೋಗುತ್ತದೆ, ಫ್ರಿಜ್ಜೂ ಕೆಡಬಹುದು. ಕಂಪ್ರೆಸರ್ ಫ್ರಿಜ್ಜಿಗೆ ಈ ಕಟ್ಟುಪಾಡಿಲ್ಲ.

ಮಟ್ಟವಾದ ಮೇಲೂ ಒಳಗೆ ನಡೆದಾಡಿದರೆ ಟ್ರಕ್ಕಿನ ಸ್ಪ್ರಿಂಗಿನಿಂದ ಸಣ್ಣ ಕುಲುಕು ಇರುತ್ತದೆ. ಜಾಕ್‌ಗಳನ್ನು ನೆಲಕ್ಕೆ ತಾಗಿಸಿ ಕೊಂಚವೇ ಭಾರ ಕೊಟ್ಟರೆ ಅದು ನಿಲ್ಲುತ್ತದೆ. ಸರಳುಗಳು ಬಿಗಿದಿರುವಾಗ ಜಾಕ್‌ಗಳಿಂದ ಕ್ಯಾಂಪರನ್ನು ಎತ್ತಲು ಹೋದರೆ ಮಾತ್ರ ಇಡೀ ಟ್ರಕ್ಕಿನ ಭಾರ ಆ ಕೊಕ್ಕೆಗಳ ಮೇಲೆ ಬಂದು ಮೂಲೆಗಳು ಹರಿಯುತ್ತವೆ. ಹೊರಡುವ ಮುನ್ನ ಒಂದು ಸುತ್ತು ಹಾಕಿ ಜಾಕ್, ಮೆಟ್ಟಿಲು, ಚಾವಣಿಯ ಕಿಂಡಿ ನೋಡಿಕೊಳ್ಳದೆ ಗಾಡಿ ಕದಲಿಸಬಾರದು.

ಇಳಿಸುವ ಕ್ರಮ ಹತ್ತಿಸಿದ್ದರ ತಿರುಗುಮುರುಗು, ಆದರೆ ಮರೆವಿಗೆ ಬಲಿಯಾಗುವುದು ಇಲ್ಲೇ ಹೆಚ್ಚು: ವಿದ್ಯುತ್ ಕೇಬಲ್ ಬಿಚ್ಚದೆ ಟ್ರಕ್ ಮುಂದೆ ಹೋದರೆ ಪ್ಲಗ್ಗು ಕಿತ್ತುಹೋಗುತ್ತದೆ. ಮೊದಲು ಕೇಬಲ್, ಆಮೇಲೆ ನಾಲ್ಕು ಸರಳು. ಕ್ಯಾಂಪರ್ ತೊಟ್ಟಿಯಿಂದ ಒಂದೆರಡು ಸೆಂ.ಮೀ. ಎದ್ದಾಗ ನಿಲ್ಲಿಸಿ, ನಾಲ್ಕೂ ಕಾಲು ನೆಟ್ಟಗಿವೆಯೇ, ಹಲಗೆ ಜಾರಿಲ್ಲವೇ ನೋಡಿ ಮುಂದುವರಿಯಬೇಕು. ಟ್ರಕ್ ನೇರವಾಗಿ, ನಿಧಾನವಾಗಿ ಹೊರಬಂದ ಕೂಡಲೇ ಕ್ಯಾಂಪರನ್ನು ಆದಷ್ಟು ತಗ್ಗಿಸಬೇಕು. ಬಹಳ ದಿನ ಇಡುವುದಾದರೆ, ಅಥವಾ ಇಳಿಸಿಟ್ಟೇ ಒಳಗೆ ವಾಸ ಮಾಡುವುದಾದರೆ, ತಳದ ಕೆಳಗೆ ಗಟ್ಟಿ ಮರದ ಅಡ್ಡೆಗಳನ್ನಿಟ್ಟು ಭಾರವನ್ನು ಅವುಗಳ ಮೇಲೆ ಕೂರಿಸಬೇಕು. ಜಾಕ್‌ಗಳು ಎತ್ತಲು ಮಾಡಿದವು, ಪಕ್ಕದ ತಳ್ಳಾಟ ತಡೆಯಲು ಅಲ್ಲ. ನೀರಿನ ಟ್ಯಾಂಕುಗಳನ್ನು ಖಾಲಿ ಮಾಡಿ, ಹಿಗ್ಗುವ ಕೋಣೆಯನ್ನು ತೆರೆಯುವ ಮುನ್ನ ಅದಕ್ಕೆ ಆಸರೆ ಬೇಕೇ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಬೇಕು.

ಟ್ರಕ್ಕಿನ ಕಡೆಯ ಕೆಲಸವೂ ಉಳಿದಿರುತ್ತದೆ. ಗಾಳಿಚೀಲಗಳ ಒತ್ತಡವನ್ನು ತಯಾರಕರು ಹೇಳಿದ ಕನಿಷ್ಠ ಮಟ್ಟಕ್ಕೆ, ಹಿಂದಿನ ಟೈರುಗಳ ಗಾಳಿಯನ್ನು ಖಾಲಿ ಓಟಕ್ಕೆ ತಕ್ಕ ಮಟ್ಟಕ್ಕೆ ಇಳಿಸಬೇಕು. ಹಾಗೇ ಬಿಟ್ಟರೆ ಖಾಲಿ ಟ್ರಕ್ಕಿನ ಹಿಂಭಾಗ ಪ್ರತಿ ಗುಂಡಿಗೂ ಎಗರುತ್ತದೆ, ಮಳೆ ಬಿದ್ದ ರಸ್ತೆಯಲ್ಲಿ ಹಿಂದಿನ ಗಾಲಿಗಳು ಬೇಗ ಹಿಡಿತ ಬಿಡುತ್ತವೆ, ಟೈರು ನಡುವಿನಲ್ಲಿ ಮಾತ್ರ ಸವೆಯುತ್ತದೆ.